ಕ್ರೆಡಿಟ್ ಕಾರ್ಡ್ ಇಲ್ಲದ ಮನೆಗೆ ಆಸ್ಪತ್ರೆ ಖರ್ಚು ಬಂದಾಗ

ನನಗಾಗಲಿ ನನ್ನ ಗಂಡನಿಗಾಗಲಿ ಕ್ರೆಡಿಟ್ ಕಾರ್ಡ್ ಇಲ್ಲ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ದಿಢೀರ್ ಅಂತ ಆಸ್ಪತ್ರೆ ಖರ್ಚು ಬಂದ್ರೆ ಏನ್ ಮಾಡ್ತೀರಿ?" ದಿನಸಿ, ಕರೆಂಟ್ ಬಿಲ್, ಗ್ಯಾಸು, ಮಕ್ಕಳ ಫೀಸು, ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ದಿನದ ಖರ್ಚಿಗೆ ಕಾರ್ಡ್ ಬೇಕು ಅನ್ನುವ ಮಾತೇ ಹೋಯಿತು. ತೀರ್ಥಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವವರ ಮುಂದೆಯೂ ಕ್ಯೂಆರ್ ಕೋಡ್ ಇರುತ್ತದೆ. ಉಳಿದದ್ದು ಆಸ್ಪತ್ರೆಯ ಪ್ರಶ್ನೆ. ಕಳೆದ ಮಳೆಗಾಲದ ಒಂದು ಭಾನುವಾರ ಆ ಪ್ರಶ್ನೆ ನಮ್ಮ ಮನೆಗೇ ಬಂತು.

ಬೆಳಗಿನ ಜಾವ ಅಮ್ಮನಿಗೆ ಎದೆನೋವು. ನನ್ನ ತಮ್ಮ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಅವನೇ ಕಾರು ಓಡಿಸಿದ. ಮಂಡಗದ್ದೆ ದಾಟುವವರೆಗೂ ಜೋರು ಮಳೆ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಇಸಿಜಿ ನೋಡಿದ ಡಾಕ್ಟರು ಆಂಜಿಯೋಗ್ರಾಂ ಮಾಡಲೇಬೇಕು, ಸ್ಟೆಂಟ್ ಬೇಕಾಗಬಹುದು ಎಂದರು. ಅವರು ದುಡ್ಡಿಗೆ ಕಾಯದೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಕೌಂಟರಿನಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್ ಕಟ್ಟಿ ಎಂದರು. ವಿಮೆ ಕಂಪನಿಯ ಒಪ್ಪಿಗೆ ಬಂದ ಮೇಲೆ ಲೆಕ್ಕ ನೋಡಿ ವಾಪಸ್ ಕೊಡುತ್ತೇವೆ ಅಂದರು. ತಮ್ಮ ಪರ್ಸ್ ತೆಗೆದೇಬಿಟ್ಟ. "ಅಕ್ಕ, ನನ್ನ ಕಾರ್ಡ್ ಉಜ್ಜಿಬಿಡೋಣ. 45 ದಿನ ಟೈಮ್ ಇರುತ್ತೆ. ಅಷ್ಟರಲ್ಲಿ ಇನ್ಶೂರೆನ್ಸ್ ದುಡ್ಡು ಬಂದಿರುತ್ತೆ."

ನಾನು ಕೇಳಿದ್ದು ಒಂದೇ ಮಾತು. "ಹಿಂದಿನ ತಿಂಗಳ ಬಿಲ್ ಪೂರ್ತಿ ಕಟ್ಟಿದ್ದೀಯಾ?"

ಅವನು ಉತ್ತರ ಕೊಡಲಿಲ್ಲ. ಪರ್ಸ್ ಒಳಗಿಡು ಮಾರಾಯ, ಆಮೇಲೆ ಮಾತಾಡೋಣ ಎಂದೆ.

ನಮ್ಮ ಹತ್ತಿರ ಆಪತ್ತಿಗೆ ಅಂತಲೇ ಎತ್ತಿಟ್ಟ ಎಫ್‌ಡಿ ಇದೆ. ಸಂಬಳ ಬಂದ ಮಾರನೆಯ ದಿನವೇ ಸ್ವಲ್ಪ ಸ್ವಲ್ಪ ಆರ್‌ಡಿ ಕಟ್ಟಿ ಬೆಳೆಸಿದ್ದು. ಒಟ್ಟು ಸುಮಾರು ಆರು ತಿಂಗಳ ಮನೆಖರ್ಚಿನಷ್ಟು. ಒಂದೇ ದೊಡ್ಡ ಎಫ್‌ಡಿ ಮಾಡದೆ ಸಣ್ಣ ಸಣ್ಣದಾಗಿ ಹಂಚಿ ಇಟ್ಟಿದ್ದೇವೆ. ಬೇಕಾದಷ್ಟನ್ನೇ ಮುರಿಸಬಹುದು, ಉಳಿದದ್ದಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಬ್ಯಾಂಕಿಗೆ ರಜೆ ಇದ್ದರೂ ಆ್ಯಪಿನಲ್ಲೇ ಒಂದು ಲಕ್ಷದ ಎಫ್‌ಡಿ ಮುರಿಸಿದೆ. ಅವಧಿಗೆ ಮೊದಲೇ ತೆಗೆದದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು. ದುಡ್ಡು ಉಳಿತಾಯ ಖಾತೆಗೆ ಆಗಲೇ ಬಂತು.

ಅಡ್ಡಿ ಬಂದದ್ದು ಕಟ್ಟುವಾಗ. ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುತ್ತದೆ. ಆಸ್ಪತ್ರೆಗಳಿಗೆ ಮತ್ತು ಶಾಲೆ ಕಾಲೇಜುಗಳಿಗೆ ಅದನ್ನು ಐದು ಲಕ್ಷಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲೇ ಹೇಳಿತ್ತು. ಆದರೆ ದುಡ್ಡು ತೆಗೆದುಕೊಳ್ಳುವವರ ಖಾತೆ ಆ ವರ್ಗದಲ್ಲಿ ನೋಂದಣಿ ಆಗಿರಬೇಕು. ಆ ಕೌಂಟರಿನ ಕೋಡಿಗೆ ಒಂದು ಲಕ್ಷದ ಮೇಲೆ ಹೋಗಲಿಲ್ಲ. ಒಂದು ಲಕ್ಷ ಯುಪಿಐಯಲ್ಲಿ ಹಾಕಿ, ಉಳಿದ ಐವತ್ತು ಸಾವಿರಕ್ಕೆ ಡೆಬಿಟ್ ಕಾರ್ಡ್ ಕೊಟ್ಟೆ. ಡೆಬಿಟ್ ಕಾರ್ಡಿಗೂ ದಿನದ ಮಿತಿ ಇರುತ್ತದೆ. ಆ್ಯಪಿನಲ್ಲಿ ಮಿತಿ ಏರಿಸಿದ ಮೇಲೆ ಹಣ ಹೋಯಿತು. ಹಿಂದೆ ನಿಂತಿದ್ದವರಿಗೆ ಸ್ವಲ್ಪ ಕಾಯಬೇಕಾಯಿತು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸ್ಟೆಂಟ್ ಹಾಕಿ ಆಗಿತ್ತು. ಅಮ್ಮ ಐಸಿಯುನಲ್ಲಿ. ನಮಗೆ ಹೊರಗಿನ ಬೆಂಚು. ಆಗ ತಮ್ಮ ತಾನಾಗಿಯೇ ಮೊಬೈಲ್ ಕೊಟ್ಟು, "ನೋಡಕ್ಕ" ಅಂದ. ಅವನ ಕಾರ್ಡಿನ ಸ್ಟೇಟ್‌ಮೆಂಟು.

ಬಾಕಿ ಎಂಬತ್ತು ಸಾವಿರದ ಹತ್ತಿರ ಇತ್ತು. ದೊಡ್ಡ ಸಾಮಾನು ಯಾವುದೂ ಇರಲಿಲ್ಲ. ಕಾಫಿ, ಆಟೋ, ಊಟದ ಆರ್ಡರು, ತರಕಾರಿ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಹಾಗಾಗಿ ರಸ್ತೆ ಬದಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೂ ಕೆಲವೊಮ್ಮೆ ಖರ್ಚಾಗುವುದು ಸಾಲದ ದುಡ್ಡು. ಖಾತೆಯಲ್ಲಿ ದುಡ್ಡು ಕಡಿಮೆಯಾಗುವುದು ಕಾಣಿಸುವುದೇ ಇಲ್ಲ. ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇದೇ.

ಅವನು ಪ್ರತಿ ತಿಂಗಳೂ 'ಮಿನಿಮಮ್ ಡ್ಯೂ', ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ, ಕಟ್ಟುತ್ತಿದ್ದ. ತಪ್ಪದೆ ಕಟ್ಟುತ್ತಿದ್ದೇನಲ್ಲ ಅನ್ನುವ ನೆಮ್ಮದಿಯೂ ಅವನಿಗಿತ್ತು. ಅಲ್ಲೇ ಕೂತು ಲೆಕ್ಕ ಹಾಕಿದೆವು. ಅವನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ವರ್ಷಕ್ಕೆ 42. ಎಂಬತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ 2,800 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, 504. ಒಟ್ಟು 3,304. ಅವನು ಕಟ್ಟುತ್ತಿದ್ದದ್ದು ನಾಲ್ಕು ಸಾವಿರದ ಆಸುಪಾಸು. ಏಳುನೂರು ರೂಪಾಯಿಯಷ್ಟೇ ಅಸಲಿಗೆ ಹೋಗುತ್ತಿತ್ತು. ಅದೇ ತಿಂಗಳು ಮತ್ತೆ ಏನಾದರೂ ಕೊಂಡರೆ ಅದೂ ಹೋಯಿತು.

ಅವನು ಹೇಳಿದ ಆ 45 ದಿನದ ಮಾತು ಹಿಂದಿನ ಬಾಕಿ ಪೂರ್ತಿ ಕಟ್ಟಿದವರಿಗೆ ಮಾತ್ರ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರ್ಚಿನ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆ ಒಂದೂವರೆ ಲಕ್ಷವನ್ನು ಕಾರ್ಡಿನಲ್ಲಿ ಕಟ್ಟಿದ್ದರೆ ವಿಮೆಯ ದುಡ್ಡು ಬರುವವರೆಗೆ ದಿನಾ ಬಡ್ಡಿ ಬೆಳೆಯುತ್ತಿತ್ತು. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ವರ್ಷಗಳೇ ಹಿಡಿಯಬಹುದು ಅನ್ನುವ ಎಚ್ಚರಿಕೆ ಸ್ಟೇಟ್‌ಮೆಂಟಿನಲ್ಲೇ ಇತ್ತು. ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ ಹಾಕಿರುತ್ತಾರೆ. ತಮ್ಮ ಅದನ್ನು ಅವತ್ತೇ ಮೊದಲು ಓದಿದ.

ಇಷ್ಟು ಬಡ್ಡಿಗೆ ಕಡಿವಾಣ ಇಲ್ಲವಾ ಅಂತ ಅವನು ಕೇಳಿದ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವರ್ಷಕ್ಕೆ ನೂರಕ್ಕೆ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಬ್ಯಾಂಕಿನ ಬಡ್ಡಿ ವಿಚಾರ ರಿಸರ್ವ್ ಬ್ಯಾಂಕಿಗೆ ಸೇರಿದ್ದು ಅಂತಾಯಿತು. ಕಾನೂನಿನ ಪ್ರಕಾರ ಅದು ಸರಿ ಇರಬಹುದು. ನೂರಕ್ಕೆ 42 ಬಡ್ಡಿಯನ್ನು ಸರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾವು ಬೆಳೆದದ್ದು ಸಾಲದ ಪುಸ್ತಕದ ಪಕ್ಕದಲ್ಲೇ. ಅಪ್ಪನದ್ದು ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಅಡಿಕೆ ಮಾರಿ ದುಡ್ಡು ಬರುವವರೆಗೆ ಅರ್ಧ ಊರಿಗೆ ಸಾಲದಲ್ಲೇ ಅಕ್ಕಿ ಬೇಳೆ ಹೋಗುತ್ತಿತ್ತು. ಬಡ್ಡಿ ಇಲ್ಲ. ಆದರೆ ಯಾರದ್ದಾದರೂ ಬಾಕಿ ಮೀರಿತು ಅನ್ನಿಸಿದರೆ ಅಪ್ಪ ಮೆಲ್ಲಗೆ, "ಹಿಂದಿನದ್ದರಲ್ಲಿ ಸ್ವಲ್ಪ ಕೊಡಿ, ಆಮೇಲೆ ಬರೆದುಕೊಳ್ಳೋಣ" ಅನ್ನುತ್ತಿದ್ದರು. ಕೇಳುವವರಿಗೂ ಕೊಡುವವರಿಗೂ ಮುಖ ನೋಡಿಕೊಳ್ಳಬೇಕಿತ್ತು. ತಮ್ಮನಿಗೆ ಬಾಕಿ ಇದ್ದಾಗಲೇ "ನಿಮ್ಮ ಲಿಮಿಟ್ ಹೆಚ್ಚಿಸಿಕೊಳ್ಳಿ" ಅನ್ನುವ ಮೆಸೇಜು ಬರುತ್ತಿತ್ತು.

ಅದೇ ಅಂಗಡಿಗೆ ಸಂಜೆ ಪಿಗ್ಮಿ ಕಲೆಕ್ಟರು ಬರುತ್ತಿದ್ದರು. ವ್ಯಾಪಾರ ಹೇಗೇ ಇರಲಿ, ಅವರಿಗೆ ಕೊಡುವ ದುಡ್ಡನ್ನು ಅಪ್ಪ ಗಲ್ಲಾಪೆಟ್ಟಿಗೆಯಲ್ಲಿ ಬೇರೆ ಇಡುತ್ತಿದ್ದರು. ಪಿಗ್ಮಿ ನಮ್ಮ ಕರಾವಳಿಯ ಕೊಡುಗೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೇ ಹೋಗಿ ಕಟ್ಟಿಸಿಕೊಳ್ಳಲು ಶುರುಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಜನರಿಗೂ ಕೈಯಲ್ಲಿ ಗಂಟು ಉಳಿಯಿತು. ನನ್ನ ಆರ್‌ಡಿ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಹೀಗೆ ದುಡ್ಡು ಎತ್ತಿಡಲು ತಿಂಗಳ ಸಂಬಳ ಇರಬೇಕು, ಸಂಬಳದಲ್ಲಿ ಉಳಿಕೆ ಇರಬೇಕು. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಕ್ರೆಡಿಟ್ ಕಾರ್ಡೂ ಸಿಗುವುದಿಲ್ಲ, ಎಫ್‌ಡಿಯೂ ಇಲ್ಲ. ಅವರು ಸ್ತ್ರೀಶಕ್ತಿ ಸಂಘದ ಸಾಲ, ಕಿವಿಯ ಓಲೆ ಅಡವಿಟ್ಟ ಸಾಲ, ಇವುಗಳಲ್ಲೇ ಮಗಳ ಹೆರಿಗೆ ಮಾಡಿಸಿದರು. ಕಾರ್ಡ್ ಇಲ್ಲದೆ ಬದುಕುವುದು ಅವರಿಗೆ ಆಯ್ಕೆಯೇ ಅಲ್ಲ.

ಕಾರ್ಡ್ ಇಲ್ಲದವರಿಗೆ ನಿಜವಾಗಿ ತೊಡಕಾಗುವ ಜಾಗಗಳೂ ಇವೆ. ವಿದೇಶದಲ್ಲಿ ಕಾರು ಬಾಡಿಗೆಗೆ ಕೇಳಿದರೆ ಬಹಳ ಕಡೆ ಕ್ರೆಡಿಟ್ ಕಾರ್ಡೇ ಬೇಕು. ಸಾಲವನ್ನೇ ಮಾಡದವರಿಗೆ ಸಿಬಿಲ್ ಸ್ಕೋರ್, ಅಂದರೆ ಸಾಲ ಹೇಗೆ ತೀರಿಸಿದ್ದೇವೆ ಅಂತ ತೋರಿಸುವ ಅಂಕ, ಇರುವುದಿಲ್ಲ, ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಸ್ಕೂಟರ್ ಸಾಲವನ್ನು ಸಮಯಕ್ಕೆ ಸರಿಯಾಗಿ ತೀರಿಸಿದ್ದು ನಮ್ಮನ್ನು ಕಾಪಾಡಿತು. ಇನ್ನೊಂದು, ಡೆಬಿಟ್ ಕಾರ್ಡಿನಲ್ಲೋ ಯುಪಿಐಯಲ್ಲೋ ಮೋಸವಾದರೆ ಹೋಗುವುದು ನಮ್ಮದೇ ದುಡ್ಡು. ಕ್ರೆಡಿಟ್ ಕಾರ್ಡಿನಲ್ಲಾದರೆ ಬಿಲ್ ಕಟ್ಟುವ ಮೊದಲೇ ತಕರಾರು ಎತ್ತಬಹುದು. ಅದಕ್ಕೇ ಯುಪಿಐಗೆ ಬೇರೆ ಖಾತೆ ಇಟ್ಟಿದ್ದೇವೆ. ಆ ತಿಂಗಳ ಖರ್ಚಿಗೆ ಬೇಕಾದಷ್ಟೇ ಅದರಲ್ಲಿ ಇರುತ್ತದೆ. ದೊಡ್ಡ ಮೊತ್ತ ಬೇಕಾದಾಗ ಮಾತ್ರ, ಅವತ್ತು ಮಾಡಿದ ಹಾಗೆ, ಅದಕ್ಕೆ ತುಂಬಿಕೊಳ್ಳುತ್ತೇವೆ. ಮನೆಯಲ್ಲಿ ಸ್ವಲ್ಪ ನಗದೂ ಇರಲೇಬೇಕು. ಮಲೆನಾಡಿನ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ.

ವಿಮೆಯ ಒಪ್ಪಿಗೆ ಎರಡು ದಿನಕ್ಕೆ ಬಂತು. ಅಮ್ಮ ಮನೆಗೆ ಬಂದರು. ಆಸ್ಪತ್ರೆಯಿಂದ ವಾಪಸ್ ಬಂದ ದುಡ್ಡನ್ನು ಮತ್ತೆ ಎಫ್‌ಡಿ ಮಾಡಿದೆವು.

ತಮ್ಮನ ಸಾಲಕ್ಕೆ ಅಮ್ಮನೇ ದಾರಿ ಹೇಳಿದರು. "ನನ್ನ ಬಳೆ ಸುಮ್ನೆ ಲಾಕರಲ್ಲಿ ಇದೆ, ಇಟ್ಟು ತೀರಿಸು." ಸಹಕಾರ ಸಂಘದಲ್ಲಿ ಚಿನ್ನದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸಿನ ಬಡ್ಡಿಗೆ ಸಾಲ ಸಿಕ್ಕಿತು. ಕಾರ್ಡಿನ ಬಾಕಿ ಒಂದೇ ಸಲಕ್ಕೆ ಕಟ್ಟಿದ. ಮುಚ್ಚಲು ಅರ್ಜಿ ಕೊಟ್ಟ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಇದೆ. ಅದನ್ನು ಮೇಲ್‌ನಲ್ಲಿ ಬರೆದು ಕಳಿಸು ಅಂದೆ. ಸಮಯಕ್ಕೆ ಸರಿಯಾಗಿ ಮುಚ್ಚಿತು. ಬಳೆ ಬಿಡಿಸಲು ಈಗ ತಿಂಗಳು ತಿಂಗಳು ಕಟ್ಟುತ್ತಿದ್ದಾನೆ.

ಮುಂದಿನ ವರ್ಷ ಆಫೀಸಿನವರು ಅವನನ್ನು ಜರ್ಮನಿಗೆ ಕಳಿಸಬಹುದಂತೆ. ಅಲ್ಲಿ ಕಾರ್ಡ್ ಬೇಕಾಗುತ್ತಲ್ಲ ಅಕ್ಕ, ಅಂದ. ಬೇಕೇ ಆದರೆ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಮಾಡಿಸು, ಎಫ್‌ಡಿ ಸಣ್ಣದಿರಲಿ, ಆಗ ಕಾರ್ಡಿನ ಮಿತಿಯೂ ಸಣ್ಣದಿರುತ್ತದೆ, ಆದರೆ ಯುಪಿಐಗೆ ಜೋಡಿಸಲೇಬೇಡ ಅಂತ ಹೇಳಿದ್ದೇನೆ.