ಕಡಲ ಮರಳಲ್ಲಿ ಗಾಳಿಮರ ನಿಲ್ಲಿಸುವುದು

ಕಾರವಾರದ ಬೀಚಿಗೆ ಹೋದಾಗ ಗಾಳಿಮರದ (ಕ್ಯಾಸುರಿನಾ) ಒಂದು ಹಸಿರು ಎಳೆ ಕಿತ್ತು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಂಟಿನಲ್ಲಿ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಬಿಟ್ಟ ತುದಿಯನ್ನು ಬೆಳಕಿಗೆ ಹಿಡಿದರೆ ಆರೇಳು ಸಣ್ಣ ಹಲ್ಲುಗಳ ಬಳೆ ಕಾಣುತ್ತದೆ. ಆ ಹಲ್ಲುಗಳೇ ಇದರ ಎಲೆ. ನಾವು ಸೂಜಿ ಎಲೆ ಅಂದುಕೊಂಡಿದ್ದು ಟಿಸಿಲು. ಪ್ರವಾಸಕ್ಕೆ ಬಂದವರು ಇದನ್ನು ಪೈನ್ ಅನ್ನುತ್ತಾರೆ, ಕಾಯಿಯೂ ಪೈನ್ ಕಾಯಿಯ ಮರಿಯ ಹಾಗೇ ಇರುವುದರಿಂದ ಅವರನ್ನು ದೂರುವಂತಿಲ್ಲ. ಆದರೆ ಇದು ಹೂಬಿಡುವ ಜಾತಿಯ ಮರ, ಪೈನಿಗೂ ಇದಕ್ಕೂ ನೆಂಟಸ್ತನವಿಲ್ಲ.

ಕಾರವಾರದ ತೀರದಲ್ಲಿ ಇದನ್ನು ನೆಡತೊಡಗಿದ್ದು 1868ರ ಸುಮಾರಿಗೆ. 1883ರಲ್ಲಿ ಇಲ್ಲಿಗೆ ಬಂದಿದ್ದ ರವೀಂದ್ರನಾಥ ಠಾಗೋರರು ಮುಂದೆ ತಮ್ಮ ನೆನಪುಗಳನ್ನು ಬರೆಯುವಾಗ ಕಡಲಂಚಿನ ಈ ಗಾಳಿಮರದ ಕಾಡನ್ನೂ ನೆನೆದಿದ್ದಾರೆ. ಬರಿ ಮರಳಲ್ಲಿ ಇಷ್ಟು ಬೇಗ ಕಾಡಾಗುವ ಮರ ಬೇರೆ ಸಿಗುವುದು ಕಷ್ಟ. ಹಾಗಿದ್ದೂ ಈಗ ನೆಟ್ಟ ಗಿಡಗಳು ಸಾಲುಸಾಲಾಗಿ ಒಣಗುವುದೇಕೆ?

ಹೆಚ್ಚಿನವರು ಉಪ್ಪುಗಾಳಿಯನ್ನು ದೂರುತ್ತಾರೆ. ಉಪ್ಪನ್ನು ಈ ಮರ ಸಾಕಷ್ಟು ತಾಳಿಕೊಳ್ಳುತ್ತದೆ. ಗಿಡವನ್ನು ಕೊಲ್ಲುವುದು ನಮ್ಮ ಹವಾಮಾನದ ಲೆಕ್ಕ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಏಳೆಂಟು ತಿಂಗಳು ಹೇಳಿಕೊಳ್ಳುವಂಥ ಮಳೆಯಿಲ್ಲ. ಮರಳಿಗೆ ನೀರು ಹಿಡಿದಿಡುವ ಗುಣವೂ ಇಲ್ಲ. ಮೇಲಿನ ಒಂದು ಗೇಣು ಮರಳು ನವೆಂಬರ್‌ಗೇ ಬೂದಿಯ ಹಾಗೆ ಒಣಗುತ್ತದೆ, ಅದರ ಕೆಳಗೆ ತೇವ ಉಳಿದಿರುತ್ತದೆ. ಅಷ್ಟರೊಳಗೆ ಬೇರು ಆ ತೇವಕ್ಕೆ ಮುಟ್ಟಿದರೆ ಗಿಡ ಬದುಕಿತು. ನರ್ಸರಿಯಿಂದ ಹಿಡಿದು ನೆಡುವವರೆಗಿನ ಎಲ್ಲ ಕೆಲಸವೂ ಬೇರನ್ನು ಕೆಳಗಿಳಿಸುವುದಕ್ಕಾಗಿಯೇ.

ಜೂನ್‌ನಲ್ಲಿ ನೆಡಬೇಕಾದರೆ ಡಿಸೆಂಬರ್‌ನಲ್ಲಿ ಬೀಜ ಬಿತ್ತಬೇಕು. ಕಾಯಿ ಹಸಿರಿನಿಂದ ಹಳದಿಮಿಶ್ರಿತ ಕಂದಿಗೆ ತಿರುಗಿದಾಗ ಕೊಯ್ದು, ಬಟ್ಟೆ ಮುಚ್ಚಿ ಬಿಸಿಲಿಗಿಟ್ಟರೆ ಎರಡು ಮೂರು ದಿನದಲ್ಲಿ ಬಾಯಿಬಿಟ್ಟು ಬೀಜ ಉದುರಿಸುತ್ತದೆ. ಬಟ್ಟೆ ಮುಚ್ಚದಿದ್ದರೆ ರೆಕ್ಕೆಯ ಬೀಜ ಪಕ್ಕದ ಮನೆಯ ಅಂಗಳ ಸೇರುತ್ತದೆ. ಕಿಲೋಗೆ ಏಳೆಂಟು ಲಕ್ಷ ಬೀಜ ಬರುತ್ತವೆ, ಅದರಲ್ಲಿ ಅರ್ಧ ಮೊಳೆತರೆ ಒಳ್ಳೆಯ ಬೀಜ ಎನ್ನಬೇಕು. ಹಾಗೇ ಡಬ್ಬಿಯಲ್ಲಿಟ್ಟರೆ ಕೆಲವೇ ತಿಂಗಳಲ್ಲಿ ಕಸುವು ಹೋಗುತ್ತದೆ, ಹಾಗಾಗಿ ಹಳೆಯ ಬೀಜ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಮಡಿಗೆ ಬಿತ್ತಿ ಮೇಲೆ ತೆಳ್ಳಗೆ ಮರಳು ಉದುರಿಸಿದರೆ ಸಾಕು, ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಇರುವೆಗಳ ಮೇಲೆ ಕಣ್ಣಿರಲಿ. ಒಂದೇ ರಾತ್ರಿಯಲ್ಲಿ ಮಡಿ ಖಾಲಿ ಮಾಡಿಬಿಡುತ್ತವೆ.

ಐದಾರು ವಾರಕ್ಕೆ ಸಸಿ ಬೆರಳುದ್ದ ಆಗುತ್ತದೆ. ಆಗ ಪಾಲಿಥಿನ್ ಚೀಲಕ್ಕೆ ದಾಟಿಸಬೇಕು. ಅಗಲ 10 ಸೆಂಟಿಮೀಟರ್ ಇದ್ದರೆ ನಡೆಯುತ್ತದೆ, ಉದ್ದ ಮಾತ್ರ 20ಕ್ಕಿಂತ ಕಡಿಮೆ ಬೇಡ, 30 ಇದ್ದರೆ ಇನ್ನೂ ಒಳ್ಳೆಯದು. ಗಿಡ್ಡ ಚೀಲದಲ್ಲಿ ತಾಯಿಬೇರು ತಳಕ್ಕೆ ಬಂದು ಸಿಂಬೆ ಸುತ್ತುತ್ತದೆ. ನೆಟ್ಟ ಮೇಲೂ ಅದು ಹಾಗೇ ಸುತ್ತಿಕೊಂಡಿರುತ್ತದೆ. ಎರಡು ವರ್ಷ ಚೆನ್ನಾಗಿ ಬೆಳೆದ ಮರ ಮೂರನೇ ಮಳೆಗಾಲದ ಗಾಳಿಗೆ ಬುಡಸಮೇತ ಮಗುಚಿದರೆ ಕಾರಣ ಬಹುಪಾಲು ಇದೇ. ಚೀಲಕ್ಕೆ ಕೆಂಪುಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಹಳೆಯ ಗಾಳಿಮರದ ಬುಡದ ಮಣ್ಣನ್ನೂ ಸೇರಿಸಿ. ಈ ಮರದ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಅದು ಬಂದ ಗಿಡಕ್ಕೆ ಯೂರಿಯಾ ಬೇಕಿಲ್ಲ, ಅದಿಲ್ಲದೆ ಬರಿ ಮರಳಿಗೆ ಹೋದ ಗಿಡ ಹಳದಿಯಾಗಿ ಕುಗ್ಗುತ್ತದೆ.

ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗ ಬದಲಿಸದಿದ್ದರೆ ಬೇರು ನೆಲಕ್ಕಿಳಿಯುತ್ತದೆ, ಒಯ್ಯುವಾಗ ಹರಿಯುತ್ತದೆ. ಕೊನೆಯ ತಿಂಗಳು ನೆರಳು ತೆಗೆದು, ನೀರು ಕಡಿಮೆ ಮಾಡಿ. ಮುದ್ದಿನಿಂದ ಬೆಳೆಸಿದ ಗಿಡ ಕಡಲಂಚಿನಲ್ಲಿ ಒಂದು ವಾರವೂ ತಾಳದು.

ನೆಡುವುದಕ್ಕೆ ಮೃಗಶಿರಾ ಮಳೆ ಹಿಡಿದ ಮೇಲೆ ಶುರುಮಾಡಿ, ಆರಿದ್ರಾ ಮಳೆ ಮುಗಿಯುವುದರೊಳಗೆ ಮುಗಿಸಿಬಿಡಬೇಕು. ಆಗಸ್ಟ್‌ನಲ್ಲಿ ನೆಟ್ಟ ಗಿಡವೂ ಹಸಿರಾಗೇ ಕಾಣುತ್ತದೆ, ಫೋಟೋಕ್ಕೂ ಚೆಂದ. ಆದರೆ ಬೇರಿಳಿಯಲು ಅದಕ್ಕೆ ಸಿಗುವುದು ಎರಡೇ ತಿಂಗಳು. ಒಣ ಮರಳಲ್ಲಿ ಗುಂಡಿ ತೋಡಿದಷ್ಟೂ ಕುಸಿಯುತ್ತದೆ, ಚೆನ್ನಾಗಿ ನೆನೆದ ಮೇಲೆ ಬೇರಿನ ಮುದ್ದೆಯ ಜೊತೆ ಕಾಂಡದ ಒಂದು ಪಾಲೂ ಹೂಳುವಷ್ಟು ಆಳ ತೋಡಿ. ತಳಕ್ಕೆ ನೆನೆದ ತೆಂಗಿನ ಸಿಪ್ಪೆ ಎರಡು, ಒಳಮೈ ಮೇಲಾಗಿ. ಅದರ ಮೇಲೆ ಒಂದು ಬುಟ್ಟಿ ಕೆಂಪುಮಣ್ಣು, ಎರಡು ಕಿಲೋ ಗೊಬ್ಬರ, ಒಂದು ಹಿಡಿ ರಾಕ್ ಫಾಸ್ಫೇಟ್ (ರಂಜಕದ ಕಲ್ಲುಪುಡಿ). ಚೀಲ ಪೂರ್ತಿ ತೆಗೆದು, ತಳದಲ್ಲಿ ಸುತ್ತಿದ ಬೇರನ್ನು ಬ್ಲೇಡಿನಿಂದ ಕತ್ತರಿಸಿ.

ಇನ್ನು ತೋಟದವರು ಒಪ್ಪದ ಮಾತು. ಅಡಿಕೆ ಸಸಿಯ ಹಾಗೆ ಇದನ್ನು ಕುತ್ತಿಗೆ ಮಟ್ಟಕ್ಕೆ, ಅಂದರೆ ಕಾಂಡ ಬೇರು ಸೇರುವಲ್ಲಿಯವರೆಗೆ ಮಾತ್ರ, ನೆಡಬಾರದು. 50 ಸೆಂಟಿಮೀಟರ್ ಗಿಡವಾದರೆ ಕಾಂಡದ 20 ಸೆಂಟಿಮೀಟರಾದರೂ ಮರಳೊಳಗೆ ಹೋಗಲಿ, ಆ ಭಾಗದ ಟಿಸಿಲು ಮೊದಲೇ ತೆಗೆದಿರಿ. ಹೂತ ಕಾಂಡದಿಂದಲೂ ಬೇರೊಡೆಯುತ್ತದೆ, ಮೊದಲಿನ ಬೇರೂ ತೇವದ ಹತ್ತಿರ ಇರುತ್ತದೆ. ಇದು ಸಡಿಲ ಮರಳಿಗೆ ಮಾತ್ರ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ ಹೀಗೆ ಮಾಡಿದರೆ ಬೇರು ಕೊಳೆಯುತ್ತದೆ, ಅಲ್ಲಿ ದಿಬ್ಬ ಏರಿಸಿಯೇ ನೆಡಬೇಕು.

ಅಂತರ 2 ಮೀಟರ್‌ಗೆ 2 ಮೀಟರ್, ಎಕರೆಗೆ ಸುಮಾರು ಸಾವಿರ ಗಿಡ. ಕಡಲ ಕಡೆಯ ಎರಡು ಸಾಲು 1.5 ಮೀಟರ್‌ಗೆ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ. ಈ ಎರಡು ಸಾಲು ಕುಳ್ಳಾಗಿ, ಒಂದೇ ಕಡೆ ಬಾಗಿ ಬೆಳೆಯುತ್ತವೆ. ಬೆಳೆಯಲಿ, ಅವು ಒಳಗಿನ ಮರಗಳಿಗೆ ಗೋಡೆ. ಸೌದೆಗೆಂದು ಅವನ್ನು ಮುಟ್ಟಬಾರದು.

ಗಿಡದ ಮುಂದೆ ಒಂದು ಮೀಟರ್ ಎತ್ತರಕ್ಕೆ ತೆಂಗಿನ ಮಡ್ಲಿನ ತಟ್ಟಿ ಕಟ್ಟಿ. ಒತ್ತಾಗಿ ಹೆಣೆಯಬೇಡಿ, ಅರ್ಧದಷ್ಟು ಗಾಳಿ ತೂರಿ ಹೋಗಬೇಕು. ಒತ್ತಾದ ತಟ್ಟಿಯ ಮೇಲಿಂದ ಹಾರಿದ ಗಾಳಿ ಹಿಂದೆ ಸುಳಿಯಾಗಿ ಇಳಿದು ಬುಡದ ಮರಳನ್ನೇ ತೋಡುತ್ತದೆ. ಮುಂದಿನ ಜಾಗದಲ್ಲಿ ತಾನಾಗಿ ಹಬ್ಬಿದ ಅಡುಂಬು ಬಳ್ಳಿಯನ್ನು ಕಳೆ ಎಂದು ಕೀಳುವವರಿದ್ದಾರೆ. ಮೇಕೆ ಗೊರಸಿನಂಥ ಎಲೆಯ ಆ ಬಳ್ಳಿ ತಟ್ಟಿಗಿಂತ ಚೆನ್ನಾಗಿ ಮರಳು ಹಿಡಿಯುತ್ತದೆ.

ಉಬ್ಬರದ ಗೆರೆಯವರೆಗೂ ನೆಡುವುದನ್ನು ನಾನಂತೂ ಒಪ್ಪುವುದಿಲ್ಲ. ಈ ಮರ ಗಾಳಿಯನ್ನು ತಡೆದೀತು, ಅಲೆಯನ್ನು ತಡೆಯಲಾರದು. ಅಲೆ ಬುಡ ತೋಡಿದರೆ ಸಾಲಿಗೆ ಸಾಲೇ ನೀರಿಗೆ ಬೀಳುತ್ತದೆ. ಹೊನ್ನಾವರ, ಕಾರವಾರದ ಕಡೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಬೇರು ತುಂಬಿದ ಮರಳಲ್ಲಿ ಅವು ಗುಂಡಿ ತೋಡಲಾರವು. ಆ ಗೆರೆಯಿಂದ ಐವತ್ತು ಮೀಟರ್ ಆದರೂ ಖಾಲಿ ಬಿಡಿ. ಹಿಂದಿನ ಸಾಲುಗಳಲ್ಲಿ ಸುರಹೊನ್ನೆ, ಹೊಂಗೆ, ಕೇದಗೆ ಬೆರೆಸಿ. ಗಾಳಿಮರ ಕಡಿದರೆ ಬುಡದಿಂದ ಚೆನ್ನಾಗಿ ಚಿಗುರುವುದಿಲ್ಲ, ಬೆಂಕಿಗೂ ತಾಳುವುದಿಲ್ಲ, ಅದರ ದಪ್ಪ ದರಕಿನ (ಉದುರಿದ ಟಿಸಿಲಿನ ಹಾಸಿನ) ಕೆಳಗೆ ಬೇರೆ ಸಸಿ ಏಳುವುದೂ ಅಪರೂಪ.

ಮೊದಲ ಬೇಸಿಗೆ ಡಿಸೆಂಬರ್‌ನಿಂದ ವಾರಕ್ಕೆರಡು ಸಲ ಗಿಡಕ್ಕೆ ನಾಲ್ಕೈದು ಲೀಟರ್ ನೀರು. ದಿನಾ ಒಂದು ತಂಬಿಗೆ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ದನ, ಮೇಕೆಗೆ ಬೇಲಿ ಬೇಕೇ ಬೇಕು.

ತೊಗಟೆಯಲ್ಲಿ ಗುಳ್ಳೆಯೆದ್ದು, ಒಡೆದಲ್ಲಿ ಕಪ್ಪು ಪುಡಿ ಕಂಡರೆ ಅದು ಶಿಲೀಂಧ್ರ ರೋಗ. ಮರ ಉಳಿಯುವುದಿಲ್ಲ. ಬೇರಿನಿಂದ ಬೇರಿಗೆ ದಾಟದಂತೆ ಸುತ್ತ ಕಂದಕ ತೋಡಿ, ಕಡಿದು ಸುಡಬೇಕು.

ಬದುಕಿದ ಗಿಡಗಳ ಎಣಿಕೆ ಅಕ್ಟೋಬರ್‌ನಲ್ಲಿ ಬೇಡ, ಮೇ ಕೊನೆಗೆ ಮಾಡಿ. ಸತ್ತವನ್ನು ಕಿತ್ತು ನೋಡಿ. ಬೇರು ಇನ್ನೂ ಚೀಲದ ಆಕಾರದಲ್ಲೇ ಇದ್ದರೆ ತಪ್ಪು ನರ್ಸರಿಯದು. ಬೇರು ನೇರವಾಗಿದ್ದೂ ಗೇಣುದ್ದಕ್ಕೆ ನಿಂತಿದ್ದರೆ ನೆಟ್ಟದ್ದು ತಡವಾಯಿತು. ಕಾಂಡ ಬುಡದಲ್ಲಿ ಕತ್ತರಿಸಿದಂತಿದ್ದರೆ ಅಕ್ಕಪಕ್ಕ ಏಡಿಯ ಬಿಲ ಹುಡುಕಿ. ಖಾಲಿ ಜಾಗಕ್ಕೆ ಆ ವರ್ಷದ ಎಳೆ ಸಸಿ ಹಾಕಿದರೆ ಪಕ್ಕದವುಗಳ ನೆರಳಲ್ಲಿ ಸೊರಗುತ್ತದೆ. ಅದಕ್ಕೆಂದೇ ಪ್ರತಿ ನೂರಕ್ಕೆ ಹತ್ತಿಪ್ಪತ್ತು ಗಿಡಗಳನ್ನು ಹಿಂದಿನ ವರ್ಷವೇ ದೊಡ್ಡ ಚೀಲದಲ್ಲಿ ಉಳಿಸಿಕೊಂಡಿರಬೇಕು.