ಜುಲೈ 14, 2024, ಭಾನುವಾರ: ಮಾವನ ಡಿವಿಡಿಯಲ್ಲಿ ಬರೀ ಗೆರೆ

ಡೊಂಬಿವಲಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಇಂಥದ್ದರಲ್ಲಿ ಯಾರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಹತ್ತು ಗಂಟೆಗೆ ಮಾವ ಬಂದರು. ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಬಿಡಿಸಿಟ್ಟು, ಹಾಲಿನ ಪ್ಯಾಕೆಟ್‌ನ ಕವರಿನಿಂದ ಡಿವಿಡಿ ತೆಗೆದು ಮೇಜಿನ ಮೇಲಿಟ್ಟರು.

"ಎಂತ ಬರೆದು ಕೊಟ್ಟದ್ದು ಮಾರಾಯ ನೀನು? ಫೈಲಿನ ಹೆಸರಿದ್ದಲ್ಲಿ ಬರೀ ಗೆರೆ!"

ಮಾವ ಮಾಟುಂಗದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ಆಗ ಇಲ್ಲಿ ನಡೆದ ತಾಳಮದ್ದಳೆಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು. ಕಳೆದ ಆರು ತಿಂಗಳಲ್ಲಿ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿದೆ. ಫೈಲ್‌ಗಳ ಹೆಸರನ್ನು ಅವರೇ ಹೇಳಿ ಬರೆಸಿದ್ದು, ಎಲ್ಲ ಕನ್ನಡದಲ್ಲಿ. ಪೆನ್‌ಡ್ರೈವ್ ಕೊಡ್ತೇನೆ ಅಂದರೆ ಬೇಡ, ಅದು ಕಳೆದುಹೋಗ್ತದೆ ಅಂದರು. ಸರಿ, ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ ಖಾಲಿ ಡಿವಿಡಿ ತಂದೆ. ಎರಡೇ ಸಿಕ್ಕವು. ಅಂಗಡಿಯವನು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

ನನ್ನ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಡಿಸ್ಕಿಗೆ ಬರೆಯಲು ಬಳಸಿದ್ದು ಕ್ಸೋರಿಸೊ ಅನ್ನುವ ಪ್ರೋಗ್ರಾಮ್. ಅದರ ಹಿಂದೆ ಲಿಬ್‌ಬರ್ನಿಯಾ ಯೋಜನೆಯ ಮೂರು ಲೈಬ್ರರಿಗಳಿವೆ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಕಟ್ಟುಗಳು. ಲಿಬ್‌ಐಸೊಎಫ್‌ಎಸ್ ಫೈಲು, ಫೋಲ್ಡರುಗಳ ಪಟ್ಟಿ ಕಟ್ಟುತ್ತದೆ. ಲಿಬ್‌ಬರ್ನ್ ಡ್ರೈವ್ ಜೊತೆ ಮಾತಾಡಿ ಡಿಸ್ಕಿಗೆ ಬರೆಯುತ್ತದೆ. ಲಿಬ್‌ಐಸೊಬರ್ನ್ ಇವೆರಡನ್ನೂ ಹೊಂದಿಸುತ್ತದೆ. ಥಾಮಸ್ ಶ್ಮಿಟ್ ವರ್ಷಗಟ್ಟಲೆಯಿಂದ ಇದನ್ನು ನೋಡಿಕೊಳ್ಳುತ್ತಿದ್ದಾರೆ. ಸಿಡಿ ಕಾಲ ಮುಗಿಯಿತು ಅನ್ನುವವರಿಗೆ ಒಂದು ಮಾತು: ಡೆಬಿಯನ್ ಅನ್ನುವ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವ ಐಸೊ ಫೈಲನ್ನು (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ತಯಾರಿಸುವುದೂ ಇದೇ ಕ್ಸೋರಿಸೊ.

ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ಹೆಸರೆಲ್ಲ ಚೆಂದವಾಗಿ ಕನ್ನಡದಲ್ಲೇ ಕಂಡವು. ಮಾವ ನನ್ನ ಮುಖ ನೋಡಿದರು. ಅವರು ಹಾಕಿ ನೋಡಿದ್ದು ಠಾಣೆಯಲ್ಲಿರುವ ಗೆಳೆಯರ ವಿಂಡೋಸ್ ಕಂಪ್ಯೂಟರಿನಲ್ಲಿ. ಆಗ ತಲೆಗೆ ಹೊಳೆಯಿತು. ತಪ್ಪು ನನ್ನದೇ.

ಡಿಸ್ಕಿನಲ್ಲಿ ಫೈಲುಗಳನ್ನು ಹೇಗೆ ಇಡಬೇಕು ಅಂತ ಹೇಳುವ 1988ರ ನಿಯಮ ಐಸೊ 9660. ಅದರ ಪ್ರಕಾರ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆ (_) ಮಾತ್ರ ಇರಬಹುದು. ಮೊದಲ ಮಟ್ಟದಲ್ಲಿ ಹೆಸರಿಗೆ 8 ಅಕ್ಷರ, ಕೊನೆಯ ಬಾಲಕ್ಕೆ 3. ಕನ್ನಡ ಬಂದರೆ ಪ್ರತಿಯೊಂದೂ ಅಡಿಗೆರೆ ಆಗುತ್ತದೆ. ಲಿನಕ್ಸಿನ ಹಿರಿಯಣ್ಣ ಯುನಿಕ್ಸ್‌ನವರು ಇದರ ಮೇಲೆ ರಾಕ್ ರಿಡ್ಜ್ ಅಂತ ಇನ್ನೊಂದು ಹೆಸರು ಅಂಟಿಸಿದರು. ಮೈಕ್ರೋಸಾಫ್ಟ್‌ನವರು ಜೋಲಿಯೆಟ್ ಅಂತ ಬೇರೆಯೇ ಪಟ್ಟಿ ಇಟ್ಟರು. ಫೈಲಿನ ಒಳಗಿನ ಸರಕು ಡಿಸ್ಕಿನಲ್ಲಿ ಒಂದೇ ಸಲ ಇರುತ್ತದೆ, ಎರಡು ಪಟ್ಟಿಯೂ ಅದೇ ಜಾಗವನ್ನು ತೋರಿಸುತ್ತವೆ. ಲಿನಕ್ಸ್ ರಾಕ್ ರಿಡ್ಜ್ ಓದುತ್ತದೆ. ವಿಂಡೋಸ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಜೋಲಿಯೆಟ್ ಹುಡುಕುತ್ತದೆ. ಕ್ಸೋರಿಸೊದಲ್ಲಿ ಜೋಲಿಯೆಟ್ಟನ್ನು ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ.

"ಒಂದೇ ಫೈಲಿಗೆ ಮೂರು ಹೆಸರಾ?" ಅಂದರು ಮಾವ.

"ನಿಮಗೂ ಇಲ್ವಾ? ಊರಲ್ಲಿ ಸುಬ್ಬಣ್ಣ, ರೇಷನ್ ಕಾರ್ಡಿನಲ್ಲಿ ಸುಬ್ರಾಯ, ಇಲ್ಲಿ ಮುಂಬೈಯವರಿಗೆಲ್ಲ ಬರೀ ಅಣ್ಣಾ."

ನಕ್ಕರು. ಈ ಐಸೊ 9660ರ ಹಿಂದಿನ ಕರಡಿಗೆ ಹೈ ಸಿಯೆರಾ ಅಂತ ಹೆಸರು ಬಂದದ್ದು ಅಮೆರಿಕದ ಲೇಕ್ ಟಾಹೋದ ಒಂದು ಹೋಟೆಲಿನಿಂದ, ಕಂಪನಿಗಳವರು ಸೇರಿ ಮಾತಾಡಿದ್ದು ಅಲ್ಲೇ ಅಂದಾಗ ಇನ್ನೂ ಖುಷಿಯಾದರು. ಇನ್ನೊಂದು ತಮಾಷೆಯನ್ನೂ ತೋರಿಸಿದೆ. ಈ ಪಟ್ಟಿಯಲ್ಲಿ ಫೈಲಿನ ಜಾಗ, ಗಾತ್ರ ಹೇಳುವ ಅಂಕಿಗಳನ್ನು ಎರಡೆರಡು ಸಲ ಬರೆದಿರುತ್ತಾರೆ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಇಂಟೆಲ್ ಚಿಪ್ಪಿನವರು, ಮೊಟೊರೊಲಾ ಚಿಪ್ಪಿನವರು ಬೈಟುಗಳನ್ನು ಜೋಡಿಸುವ ಕ್ರಮವೇ ಬೇರೆ. ಇಬ್ಬರಿಗೂ ಬೇಜಾರಾಗಬಾರದು ಅಂತ ಎರಡೂ ಹಾಕಿಬಿಟ್ಟರು! ಜಾಗ ದಂಡ ಅನ್ನಬಹುದು, ನನಗಂತೂ ಇಷ್ಟ.

ಈ ಸಲ ನೇರ ಡಿಸ್ಕಿಗೆ ಕೈ ಹಾಕಲಿಲ್ಲ. ಜೋಲಿಯೆಟ್ ಆನ್ ಮಾಡಿ ಮೊದಲು ಒಂದು ಐಸೊ ಫೈಲಾಗಿ ಬರೆಸಿದೆ. ಅದನ್ನು ಮೌಂಟ್ ಮಾಡುವಾಗ, ಅಂದರೆ ಡಿಸ್ಕಿನ ಹಾಗೆ ತೆರೆಯುವಾಗ, 'ನೋರಾಕ್' ಅಂತ ಸೇರಿಸಿದರೆ ಲಿನಕ್ಸ್ ರಾಕ್ ರಿಡ್ಜ್ ಬಿಟ್ಟು ಜೋಲಿಯೆಟ್ ತೋರಿಸುತ್ತದೆ. ನೋಡಿದರೆ ಹೊಸ ತಲೆನೋವು. ಉದ್ದನೆಯ ಹೆಸರುಗಳ ತುದಿ ಹಾರಿಹೋಗಿತ್ತು. 'ಮೊದಲ ಭಾಗ', 'ಎರಡನೇ ಭಾಗ' ಅಂತ ಇದ್ದದ್ದು ತುದಿಯಲ್ಲೇ! ಅವುಗಳ ಜಾಗದಲ್ಲಿ ಲೈಬ್ರರಿ ತಾನೇ ಒಂದು ಅಂಕಿ ಹಾಕಿ ಬೇರೆ ಮಾಡಿತ್ತು.

ಜೋಲಿಯೆಟ್ ಹೆಸರಿಗೆ 64ರ ಮಿತಿ. 64 ಅಕ್ಷರ ಜಾಸ್ತಿಯಾಯಿತಲ್ಲ ಅನಿಸುತ್ತದೆ. ಆದರೆ ಅದು ನಮ್ಮ ಅಕ್ಷರ ಅಲ್ಲ. 'ಶ್ರೀಕೃಷ್ಣ' ನಮಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಒತ್ತು, ದೀರ್ಘ, ಅರ್ಧಾಕ್ಷರದ ಗುರುತು ಎಲ್ಲ ಬಿಡಿಬಿಡಿ, ಒಟ್ಟು 9. ಅದನ್ನು ಏಳು ಸಲ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ರಾಕ್ ರಿಡ್ಜ್ ಕಡೆ 255 ಬೈಟ್ ಸಿಗುತ್ತದೆ, ಆದರೆ ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಅಲ್ಲಿ ಇದೇ 'ಶ್ರೀಕೃಷ್ಣ' 27 ಬೈಟ್ ನುಂಗುತ್ತದೆ.

ಮಾವನ ಹೆಸರುಗಳೋ, ಆಮಂತ್ರಣ ಪತ್ರಿಕೆಯ ಹಾಗೆ. ಅರ್ಥಧಾರಿ ಯಾರು, ಭಾಗವತರು ಯಾರು, ಯಾವ ಹಾಲ್, ಯಾವ ತಿಂಗಳು. ಕತ್ತರಿಸಲು ಒಪ್ಪಲಿಲ್ಲ. ಚಹಾ ಆದ ಮೇಲೆ ಒಂದು ರಾಜಿಗೆ ಬಂದೆವು. ಮುಂದೆ ಅಂಕಿ, ಆಮೇಲೆ ಪ್ರಸಂಗ, ಆಮೇಲೆ ಭಾಗ. ಉಳಿದದ್ದೆಲ್ಲ ಒಂದು ಪಠ್ಯ ಫೈಲಿನಲ್ಲಿ. ಕೂತು ಹೆಸರು ಗಿಡ್ಡ ಮಾಡುವಾಗ ಮಧ್ಯಾಹ್ನವೇ ಕಳೆಯಿತು. ಪ್ರತಿ ಹೆಸರಿಗೂ ಅವರದೊಂದು ಕತೆ.

ಡಿಸ್ಕ್ ದಂಡವಾಯಿತು ಅಂತ ಮಾವ ಪೇಚಾಡುತ್ತಿದ್ದರು. ಆಗಲಿಲ್ಲ. ಮೊದಲ ಸಲ ನಾನು ಅದನ್ನು ಕ್ಲೋಸ್ ಮಾಡದೆ, ಅಂದರೆ ಮುಂದೆ ಸೇರಿಸಲು ಬರುವಂತೆ, ಬಿಟ್ಟಿದ್ದೆ. ಕ್ಸೋರಿಸೊ ಹಳೇ ಪಟ್ಟಿಯನ್ನು ಓದಿಕೊಂಡಿತು. ನಾನು ಹೆಸರು ಬದಲಿಸಿ ಜೋಲಿಯೆಟ್ ಆನ್ ಮಾಡಿದೆ. ಅದು ಕೊನೆಯಲ್ಲಿ ಎರಡನೇ ಸೆಷನ್ (ಎರಡನೇ ಸಲದ ಬರಹ) ಸೇರಿಸಿತು, ಹೊಸ ಪಟ್ಟಿ ಮತ್ತು ಆ ಪಠ್ಯ ಫೈಲು ಮಾತ್ರ. ಹಾಡು, ಮಾತು ಎಲ್ಲ ಇದ್ದಲ್ಲೇ ಇವೆ.

"ಹಳೇ ಗೆರೆ ಅಳಿಸಿದಿಯಾ?"

"ಇಲ್ಲ ಮಾವ. ಅದು ಒಳಗೇ ಉಂಟು. ಕಂಪ್ಯೂಟರ್ ಕೊನೆಯ ಪಟ್ಟಿ ನೋಡ್ತದೆ ಅಷ್ಟೆ."

ಪಕ್ಕದ ಮನೆಯ ಹುಡುಗನ ವಿಂಡೋಸ್ ಲ್ಯಾಪ್‌ಟಾಪಿಗೆ ನನ್ನ ಡಿವಿಡಿ ಡ್ರೈವ್ ಚುಚ್ಚಿ ನೋಡಿದೆವು. ಕನ್ನಡ ಬಂತು. ಮಾವನ ಮನೆಯ ಟಿವಿ ಪಕ್ಕದ ಹಳೇ ಪ್ಲೇಯರ್ ಬೇರೆ ಜಾತಿಯದು. ಅಂಥವು ಎಷ್ಟೋ ಸಲ ಮೊದಲ ಸೆಷನ್ ಬಿಟ್ಟು ಮುಂದೆ ಹೋಗುವುದಿಲ್ಲ. ಅದಕ್ಕೆ ಅಂತ ಎರಡನೇ ಡಿವಿಡಿಯನ್ನು ಹೊಸದಾಗಿಯೇ ಬರೆದೆ. ಆ ಪ್ಲೇಯರಿನಲ್ಲಿ ಫಾಂಟ್ ಇಲ್ಲದೆ ಕನ್ನಡ ಕಾಣದಿದ್ದರೂ ಮುಂದಿನ ಅಂಕಿ ಕಾಣಬೇಕು.

ಸಂಜೆ ಮಳೆ ಸ್ವಲ್ಪ ನಿಂತಿತು. ಮಾವ ಎರಡನ್ನೂ ಅದೇ ಹಾಲಿನ ಕವರಿಗೆ ಹಾಕಿಕೊಂಡರು. ಕೊಡೆ ತೆಗೆದುಕೊಳ್ಳುವಾಗ, ಕಾರ್ಕಳದಲ್ಲಿರುವ ಚಿಕ್ಕಮ್ಮನಿಗೂ ಒಂದು ಬೇಕು ಅಂದರು. ಶನಿವಾರ ಮತ್ತೆ ಲ್ಯಾಮಿಂಗ್ಟನ್ ರೋಡ್.