ಹುಂಜ ಬದಲಿಸಿದ ಮೇಲಿನ ಮೂರು ವಾರ

ಗಂಗಾವತಿಯ ಹೊರವಲಯದಲ್ಲಿ ನಾನು ಹತ್ತು ವರ್ಷಗಳಿಂದ ಹಿತ್ತಲ ಕೋಳಿಯ ಮರಿ ಮಾಡಿಸಿ ಮಾರುತ್ತಿದ್ದೇನೆ. ಅಕ್ಕಿ ಗಿರಣಿಗಳ ಊರಾದ್ದರಿಂದ ನುಚ್ಚು ಮತ್ತು ತೌಡಿಗೆ ಇಲ್ಲಿ ಬರವಿಲ್ಲ. ಕಷ್ಟವಿರುವುದು ಒಂದು ದಿನದ ಮರಿಯನ್ನು ನೋಡಿ ಅದು ಹುಂಜವೋ ಹೇಂಟೆಯೋ ಎಂದು ಹೇಳುವುದರಲ್ಲಿ. ಮಹಿಳಾ ಸಂಘದವರು ಮೊಟ್ಟೆಗಾಗಿ ಹೇಂಟೆ ಮರಿಗಳನ್ನೇ ಕೇಳುತ್ತಾರೆ, ಹಬ್ಬ ಮತ್ತು ಹರಕೆಗೆ ಸಾಕುವವರು ಹುಂಜಗಳನ್ನೇ ಕೇಳುತ್ತಾರೆ. ಜವಾರಿ ಮರಿಯಾದರೆ ಜುಟ್ಟು ಕೆಂಪಾಗುವ ತನಕ, ಅಂದರೆ ಆರೆಂಟು ವಾರ, ಇಬ್ಬರೂ ಕಾಯಬೇಕು. ದೊಡ್ಡ ಮರಿಕೇಂದ್ರಗಳಲ್ಲಿ ಮರಿಯ ಗುದದ್ವಾರವನ್ನು ಪರೀಕ್ಷಿಸಿ ಬೇರ್ಪಡಿಸುವ ನುರಿತ ಕೈಗಳಿರುತ್ತವೆ; ನನ್ನಂಥವರಿಗೆ ಆ ವಿದ್ಯೆ ಒಲಿದಿಲ್ಲ. ಹಾಗಾಗಿ ಬಣ್ಣದಿಂದಲೇ ಲಿಂಗ ತಿಳಿಯುವ ಅಡ್ಡತಳಿಗೆ ಕೈ ಹಾಕಿದೆ.

ಅದರ ಲೆಕ್ಕ ಸರಳವಾಗಿದೆ, ಆದರೆ ದಿಕ್ಕು ತಪ್ಪಿದರೆ ಕೆಡುತ್ತದೆ. ಮನುಷ್ಯರಲ್ಲಿ ಗಂಡಿಗೆ ಎರಡು ಬಗೆಯ ಲಿಂಗ ವರ್ಣತಂತುಗಳಿದ್ದರೆ, ಕೋಳಿಯಲ್ಲಿ ಅವು ಇರುವುದು ಹೇಂಟೆಗೆ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ತಾಯಿಯ ಝಡ್ ಗಂಡು ಮರಿಗಳಿಗೆ ಮಾತ್ರ ಹೋಗುತ್ತದೆ. ಹೆಣ್ಣು ಮರಿ ತನ್ನ ಒಂದೇ ಝಡ್ ಅನ್ನು ತಂದೆಯಿಂದ ಪಡೆಯುತ್ತದೆ. ಗರಿಯ ಮೇಲೆ ಅಡ್ಡಪಟ್ಟೆ ಮೂಡಿಸುವ ಗುಣ ಇದೇ ಝಡ್ ಮೇಲೆ ಕುಳಿತಿದೆ ಮತ್ತು ಅದು ಪ್ರಬಲ ಗುಣ. ಆದ್ದರಿಂದ ಪಟ್ಟೆಯ ಪ್ಲೈಮೌತ್ ರಾಕ್ ಹೇಂಟೆಗಳ ಜೊತೆ ಪಟ್ಟೆಯಿಲ್ಲದ ರೋಡ್ ಐಲ್ಯಾಂಡ್ ರೆಡ್ ಹುಂಜವನ್ನು ಬಿಟ್ಟರೆ ಮರಿಗಳೆಲ್ಲ ಕಪ್ಪಾಗಿಯೇ ಹುಟ್ಟಿದರೂ, ಗಂಡು ಮರಿಯ ತಲೆಯ ಹಿಂಭಾಗದಲ್ಲಿ, ಮುಂದೆ ಮೂಡುವ ಪಟ್ಟೆಯ ಗುರುತಾಗಿ, ಬಿಳಿ ಚುಕ್ಕೆ ಇರುತ್ತದೆ, ಹೆಣ್ಣು ಮರಿಯ ತಲೆ ಬರೀ ಕಪ್ಪು. ಜೋಡಿಯನ್ನು ತಿರುಗುಮುರುಗು ಮಾಡಿ ಪಟ್ಟೆಯ ಹುಂಜವನ್ನು ಕೆಂಪು ಹೇಂಟೆಗಳಿಗೆ ಬಿಟ್ಟರೆ ಗಂಡು ಹೆಣ್ಣು ಎರಡಕ್ಕೂ ಚುಕ್ಕೆ ಬರುತ್ತದೆ, ಪಟ್ಟಪಾಡೆಲ್ಲ ವ್ಯರ್ಥ.

ಆ ಚುಕ್ಕೆಯನ್ನು ನೋಡುವುದಕ್ಕೂ ಒಂದು ಹೊತ್ತಿದೆ. 21ನೇ ದಿನ ಚಿಪ್ಪೊಡೆದು ಬಂದ ಮರಿ ಒದ್ದೆಯಾಗಿರುವಾಗ ತುಪ್ಪಳ ಅಂಟಿಕೊಂಡು ತಲೆಯ ಚರ್ಮವೇ ಬಿಳಿಯಾಗಿ ಕಾಣುತ್ತದೆ. ಚೆನ್ನಾಗಿ ಒಣಗಿ ತುಪ್ಪಳ ಉಬ್ಬಿದ ಮೇಲೆ ಮರಿಯನ್ನು ಅಂಗೈಯಲ್ಲಿ ಕೂರಿಸಿ, ಕೊಕ್ಕನ್ನು ಹೆಬ್ಬೆರಳಿಗೆ ತಾಗಿಸಿ, ನೆತ್ತಿಯನ್ನು ಬೆಳಕಿಗೆ ಹಿಡಿಯುತ್ತೇನೆ. ಕೆಲವು ಮರಿಗಳಲ್ಲಿ ಚುಕ್ಕೆ ಜೋಳದ ಕಾಳಿನಷ್ಟೇ ಇರುತ್ತದೆ, ಕೆಲವದರಲ್ಲಿ ನೆತ್ತಿಯ ತುಂಬ ಹರಡಿರುತ್ತದೆ. ಹೊಟ್ಟೆಯ ಕೆಳಗೆ ಮತ್ತು ರೆಕ್ಕೆಯ ತುದಿಯಲ್ಲಿ ಕಾಣುವ ಬಿಳುಪು ಎರಡರಲ್ಲೂ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹೊಸದಾಗಿ ಕೆಲಸಕ್ಕೆ ಬಂದವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ನಾನು ಎಡವಿದ್ದು ಬೇರೆ ಕಡೆ. ನನ್ನ ಹೇಂಟೆಗಳ ದೊಡ್ಡಿಯಲ್ಲಿ ಮೊದಲು ಪಟ್ಟೆಯ ಹುಂಜವೇ ಇತ್ತು, ಏಕೆಂದರೆ ಶುದ್ಧ ತಳಿಯನ್ನು ಉಳಿಸಿಕೊಳ್ಳಬೇಕಿತ್ತು. ಆ ಹುಂಜವನ್ನು ತೆಗೆದು ಕೆಂಪು ಹುಂಜವನ್ನು ಬಿಟ್ಟ ಎಂಟನೇ ದಿನದಿಂದಲೇ ಮೊಟ್ಟೆಗಳನ್ನು ಮಷೀನಿಗೆ ಇಟ್ಟೆ, ಮರಿಗಳನ್ನು ಚುಕ್ಕೆ ನೋಡಿ ಬೇರ್ಪಡಿಸಿದೆ, ಮಾರಿದೆ. ಐದಾರು ತಿಂಗಳು ಕಳೆದ ಮೇಲೆ, ಹುಂಜ ಮರಿಗಳೆಂದು ಕಡಿಮೆ ಬೆಲೆಗೆ ಒಯ್ದಿದ್ದ ಕಾರಟಗಿ ಕಡೆಯ ರೈತರೊಬ್ಬರು ಸಂತೆಯಲ್ಲಿ ಸಿಕ್ಕು, "ನೀವು ಕೊಟ್ಟ ಹುಂಜದಾಗ ನಾಕು ಮೊಟ್ಟಿ ಇಡಾಕ ಹತ್ಯಾವ ನೋಡ್ರಿ" ಎಂದು ನಕ್ಕರು. ಅವರಿಗೆ ದೂರಿರಲಿಲ್ಲ, ಲಾಭವೇ ಆಗಿತ್ತು. ದೂರು ಬಾರದ ತಪ್ಪು ಇದಾದ್ದರಿಂದಲೇ ನನಗೆ ಅಷ್ಟು ತಡವಾಗಿ ಗೊತ್ತಾಯಿತು.

ಕಾರಣವನ್ನು ಹುಡುಕಲು ಮಷೀನನ್ನು ಬೈದೆ, ಕೆಲಸದ ಹುಡುಗನನ್ನೂ ಬೈದೆ, ಎರಡೂ ಅನ್ಯಾಯ. ಹೇಂಟೆಯ ಅಂಡನಾಳದಲ್ಲಿ ವೀರ್ಯವನ್ನು ಕಾದಿರಿಸುವ ಸೂಕ್ಷ್ಮ ಕೊಳವೆಗಳಿವೆ. ಹುಂಜ ದೂರವಾದ ಮೇಲೂ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೆ ಆ ಸಂಗ್ರಹದಿಂದಲೇ ಮೊಟ್ಟೆಗಳು ಫಲಿಸುತ್ತವೆ. ಹೊಸ ಹುಂಜ ಬಂದ ಮೇಲೆ ಅದರ ಮರಿಗಳೇ ಹೆಚ್ಚಾದರೂ ಹಳೆಯ ಹುಂಜದವು ನಡುನಡುವೆ ನುಸುಳುತ್ತವೆ. ತಂದೆಯೂ ತಾಯಿಯೂ ಪಟ್ಟೆಯವಾದಾಗ ಹೆಣ್ಣು ಮರಿಗೂ ತಲೆಚುಕ್ಕೆ ಬರುತ್ತದೆ, ಅದು ಹುಂಜದ ಬುಟ್ಟಿಗೆ ಸೇರುತ್ತದೆ. ನನ್ನ ಕಣ್ಣು ಚುಕ್ಕೆಯನ್ನು ಸರಿಯಾಗಿಯೇ ಓದಿತ್ತು. ಆ ಚುಕ್ಕೆ ಯಾವ ತಂದೆಯದು ಎಂಬುದನ್ನು ನಾನು ವಿಚಾರಿಸಿರಲಿಲ್ಲ.

ಇದಾದ ಮೇಲೆ ಬೇರೆ ಬಣ್ಣಗಳನ್ನು ನೋಡುವಾಗಲೂ ಎಚ್ಚರ ಹೆಚ್ಚಿತು. ಬೆಳ್ಳಿ ಬಣ್ಣದ ಗುಣವೂ ಝಡ್ ಮೇಲಿನದೇ. ಬೆಳ್ಳಿ ಗುಣದ ಹೇಂಟೆಗೆ ಕೆಂಪು ಹುಂಜ ಬಿಟ್ಟರೆ ಗಂಡು ಮರಿ ತಿಳಿ ಹಳದಿ, ಹೆಣ್ಣು ಮರಿ ಕೆಂಗಂದು. ಇದನ್ನು ಕೇಳಿ ನಾನು ಸಂತೆಯಿಂದ ಬಿಳಿ ಜವಾರಿ ಹೇಂಟೆಗಳನ್ನು ತಂದೆ; ಹುಟ್ಟಿದ ಮರಿಗಳಲ್ಲಿ ಗಂಡು ಹೆಣ್ಣು ಎನ್ನದೆ ಹೆಚ್ಚಿನವು ಬೆಳ್ಳಗೇ ಇದ್ದವು. ಬಿಳಿ ಎಂದ ಮಾತ್ರಕ್ಕೆ ಬೆಳ್ಳಿ ಗುಣವಲ್ಲ. ಉಳಿದೆಲ್ಲ ಬಣ್ಣಗಳ ಮೇಲೆ ಸುಣ್ಣ ಬಳಿದಂತೆ ಕೂರುವ ಪ್ರಬಲ ಬಿಳುಪು ಬೇರೆಯೇ ಇದೆ, ವೈಟ್ ಲೆಗಾರ್ನ್ ತಳಿಯಲ್ಲಿರುವುದೂ ಅದೇ.

ಈಚೆಗೆ ಎಲ್ಲರೂ ಕಡಕ್‌ನಾಥ್ ಅಡ್ಡತಳಿಯನ್ನು ಕೇಳುತ್ತಾರೆ. ಮಧ್ಯಪ್ರದೇಶದ ಝಾಬುವಾದ ಆ ಕಪ್ಪು ಮಾಂಸದ ಕೋಳಿಗೆ 2018ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಮೇಲೆ ಕೇಳುವವರು ಇನ್ನೂ ಹೆಚ್ಚಿದ್ದಾರೆ. ಅದರ ಕಪ್ಪಿನಲ್ಲಿಯೂ ಲಿಂಗದ ಆಟವಿದೆ. ಚರ್ಮದ ಕಪ್ಪನ್ನು ತಡೆಯುವ ಗುಣ ಝಡ್ ಮೇಲಿರುವುದರಿಂದ, ಆ ತಡೆ ಇರುವ ಹಳದಿ ಕಾಲಿನ ಹೇಂಟೆಗೆ ಕಡಕ್‌ನಾಥ್ ಹುಂಜ ಬಿಟ್ಟರೆ ಹೆಣ್ಣು ಮರಿಗಳು ಕಪ್ಪು ಚರ್ಮದವಾಗುತ್ತವೆ, ಗಂಡು ಮರಿಗಳು ತಿಳಿಯಾಗುತ್ತವೆ. ಇದೇ ಬಗೆಯ ಕಪ್ಪು ಚರ್ಮದ ಸಿಲ್ಕಿ ಕೋಳಿಯಲ್ಲಿ ಬೇಟ್‌ಸನ್ ಮತ್ತು ಪನೆಟ್ ಎಂಬ ಇಂಗ್ಲಿಷ್ ವಿಜ್ಞಾನಿಗಳು 1911ರಲ್ಲಿಯೇ ಇದನ್ನು ತೋರಿಸಿದ್ದರು. ಆದರೆ ಕಪ್ಪು ಹುಂಜಕ್ಕೆ ಹೆಚ್ಚು ಬೆಲೆ ಕೊಡುವ ಗಿರಾಕಿಗೆ ಈ ಜೋಡಿಯಲ್ಲಿ ಹುಂಜಗಳೇ ತಿಳಿಯಾಗುತ್ತವೆ ಎಂಬುದನ್ನು ಮೊದಲೇ ಹೇಳದಿದ್ದರೆ ಜಗಳ ತಪ್ಪದು.

ಮುಂದಿನ ಪೀಳಿಗೆಯ ವಿಷಯವನ್ನೂ ಈಗ ಮುಂಚೆಯೇ ಹೇಳುತ್ತೇನೆ. ಒಂದು ಸಂಘದವರು ನನ್ನಿಂದ ಒಯ್ದ ಕಪ್ಪು ಹೇಂಟೆಗಳಿಗೆ ಅದೇ ಪೀಳಿಗೆಯ ಪಟ್ಟೆ ಹುಂಜವನ್ನು ಬಿಟ್ಟು, ಚುಕ್ಕೆ ನೋಡಿ ಮರಿ ಬೇರ್ಪಡಿಸಿ, ಮೋಸವಾಯಿತೆಂದು ಬಂದಿದ್ದರು. ಆ ಹುಂಜದ ಎರಡು ಝಡ್‌ಗಳಲ್ಲಿ ಪಟ್ಟೆ ಇರುವುದು ಒಂದರಲ್ಲಿ ಮಾತ್ರ. ಅದರ ಮರಿಗಳಲ್ಲಿ ಗಂಡು ಹೆಣ್ಣು ಎರಡರಲ್ಲೂ ಹೆಚ್ಚುಕಡಿಮೆ ಅರ್ಧಕ್ಕೆ ಚುಕ್ಕೆ, ಅರ್ಧಕ್ಕೆ ಇಲ್ಲ. ಮೊದಲ ಪೀಳಿಗೆ ದಾಟಿದರೆ ಬಣ್ಣ ಸುಳ್ಳು ಹೇಳುತ್ತದೆ ಎಂದು ನಾನು ಮಾರುವಾಗಲೇ ತಿಳಿಸಬೇಕಿತ್ತು.

ಪ್ರತಿ ದೊಡ್ಡಿಯ ಬಾಗಿಲಿಗೆ ಈಗ ಒಂದು ತಗಡು ನೇತಾಡುತ್ತದೆ. ಹಳೆಯ ಹುಂಜ ಹೋದ ದಿನ ಮತ್ತು ಹೊಸದು ಬಂದ ದಿನವನ್ನು ಅದರ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇವೆ. ಅಲ್ಲಿಂದ 21 ದಿನ ಆ ದೊಡ್ಡಿಯ ಮೊಟ್ಟೆಗಳು ಮಷೀನಿಗೆ ಹೋಗದೆ, ತಿನ್ನುವ ಮೊಟ್ಟೆಯ ಬೆಲೆಗೆ ಬಸ್ ನಿಲ್ದಾಣದ ಬಳಿಯ ಖಾನಾವಳಿಗೆ ಹೋಗುತ್ತವೆ. ಎರಡನೇ ದೊಡ್ಡಿಗೆ ಇಂದು ಹದಿನಾಲ್ಕನೇ ದಿನ. 60 ಹೇಂಟೆ ಮರಿ ಬೇಕೆಂದು ನಿನ್ನೆ ಸಂಜೆ ಫೋನ್ ಮಾಡಿದವರಿಗೆ ಮುಂದಿನ ತಿಂಗಳು ಬನ್ನಿ ಎಂದಿದ್ದೇನೆ.